ಬೇತಾಳನನ್ನು ಹೊತ್ತವರು

ಯರಗಟ್ಟಿಯಂಥ ಊರಿಗೆ ಪುಸ್ತಕಗಳು ಬರುತ್ತಿದ್ದದ್ದು ಬಸ್ಸಿನಲ್ಲಿ. ರೈಲು ನಮ್ಮ ಊರನ್ನು ನೋಡಿದ್ದಿಲ್ಲ. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿ, ಸವದತ್ತಿಯಿಂದ ಗೋಕಾಕದ ಕಡೆಗೆ ಹೋಗುವ ದಾರಿ ಎರಡೂ ಇಲ್ಲಿ ಕೂಡುವುದರಿಂದ ಊರು ಸಣ್ಣದಾದರೂ ಬಸ್ಸುಗಳಿಗೆ ಬರವಿರಲಿಲ್ಲ. ಮೊದಲು ಸವದತ್ತಿ ತಾಲೂಕಿನ ಊರು. ಈಗ ತಾನೇ ತಾಲೂಕು ಕೇಂದ್ರ. ಬಸ್ಸಿನ ಟಪ್ಪಿನ ಮೇಲೆ ಕಾಯಿಪಲ್ಲೆಯ ಬುಟ್ಟಿ ಇಳಿದರೆ, ಒಳಗಿನಿಂದ ಇಳಿದವರ ಕೈಚೀಲದಲ್ಲಿ ಒಮ್ಮೊಮ್ಮೆ ಒಂದು ಬಣ್ಣದ ಪುಸ್ತಕ ಇರುತ್ತಿತ್ತು. ನಾನು ಹೇಳಹೊರಟಿರುವುದು ಆ ಬಣ್ಣದ ಪುಸ್ತಕದ ಚರಿತ್ರೆಯನ್ನು, ಅದರ ಜೊತೆಗೆ ಅದನ್ನು ಇಟ್ಟುಕೊಂಡು ನಮ್ಮ ಹೆಂಗಸರು ಆಡಿದ ಆಟಗಳನ್ನು.

ಹೆಣ್ಣುಮಕ್ಕಳು ಏನು ಓದಿದರು ಎಂಬುದಕ್ಕೆ ನಮ್ಮಲ್ಲಿ ದಾಖಲೆ ಕಡಿಮೆ. ಗೆಜೆಟಿಯರು ತೆರೆದರೆ ಶಾಲೆಗಳ ಲೆಕ್ಕ ಸಿಗುತ್ತದೆ, ಕಲಿತವರ ಲೆಕ್ಕ ಸಿಗುತ್ತದೆ. ನಾಲ್ಕನೆಯ ಇಯತ್ತೆಗೆ ಪಾಟಿ ಕೆಳಗಿಟ್ಟ ಹುಡುಗಿ ಆಮೇಲೆ ಅಕ್ಷರ ಉಳಿಸಿಕೊಂಡಳೋ, ಮರೆತಳೋ, ಉಳಿಸಿಕೊಂಡಿದ್ದರೆ ಯಾವುದರ ಬಲದಿಂದ ಎಂಬುದನ್ನು ಯಾರೂ ಬರೆದಿಡಲಿಲ್ಲ. ನಮ್ಮ ಅವ್ವ, ಸೋದರತ್ತೆ ಇಬ್ಬರೂ ಅಂಥ ಹುಡುಗಿಯರು. ಅಣ್ಣತಮ್ಮಂದಿರು ಮುಂದೆ ಓದಲು ಬೆಳಗಾವಿ, ಧಾರವಾಡಕ್ಕೆ ಹೋದರು. ಇವರು ಮನೆಯಲ್ಲಿ ಉಳಿದರು. ರಜೆಗೆ ಬಂದ ತಮ್ಮಂದಿರು ಓದಿ ಬಿಸಾಕಿದ ‘ಚಂದಮಾಮ’ಗಳು ಇವರ ಪಾಲಿಗೆ ಐದನೆಯ ಇಯತ್ತೆಯೂ ಆದವು, ಆರನೆಯ ಇಯತ್ತೆಯೂ ಆದವು.

ಚಂದಮಾಮ ಹುಟ್ಟಿದ್ದು 1947ರ ಜುಲೈ ತಿಂಗಳಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಒಂದು ತಿಂಗಳು ಮುಂಚೆ, ಮದರಾಸಿನಲ್ಲಿ. ಮೊದಲು ತೆಲುಗಿನಲ್ಲಿ ಬಂತು, ತಮಿಳಿನಲ್ಲಿ ‘ಅಂಬುಲಿಮಾಮ’ ಎಂಬ ಹೆಸರಿನಿಂದ ಬಂತು. ಹಿಂದೆ ನಿಂತವರು ಚಕ್ರಪಾಣಿ ಮತ್ತು ಬಿ. ನಾಗಿರೆಡ್ಡಿ. ‘ಪಾತಾಳ ಭೈರವಿ’, ‘ಮಾಯಾಬಜಾರ್’ ಸಿನಿಮಾಗಳನ್ನು ತೆಗೆದವರೂ ಇವರೇ ಎಂದರೆ, ಪುಸ್ತಕದಲ್ಲಿ ಅಷ್ಟೊಂದು ಮಾಂತ್ರಿಕರು, ರಾಕ್ಷಸರು, ಹಾರುವ ಕುದುರೆಗಳು ಯಾಕಿದ್ದರು ಎಂಬುದು ತಿಳಿಯುತ್ತದೆ. ಕನ್ನಡದ ಚಂದಮಾಮ ಬಂದದ್ದು 1949ರಲ್ಲಿ.

ಆ ವರ್ಷವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ಕರ್ನಾಟಕ ಎಂಬ ರಾಜ್ಯ ಆಗ ಇರಲಿಲ್ಲ. ನಾವು ಮುಂಬಯಿ ಸರಕಾರದ ಕೆಳಗಿದ್ದೆವು. ಮಂಗಳೂರು, ಬಳ್ಳಾರಿಯ ಜನ ಮದರಾಸಿನ ಕೆಳಗೆ. ರಾಯಚೂರು, ಕಲಬುರ್ಗಿಯವರು ಹೈದರಾಬಾದಿನ ಕೆಳಗೆ. ಮೈಸೂರಿನವರದು ಮೈಸೂರು, ಕೊಡಗಿನವರದು ಕೊಡಗು. ಒಂದು ಕಡೆಯ ಶಾಲೆಯ ಪುಸ್ತಕ ಇನ್ನೊಂದು ಕಡೆ ನಡೆಯುತ್ತಿರಲಿಲ್ಲ. 1956ರ ನವೆಂಬರ್ 1ರಂದು ಏಕೀಕರಣವಾಗುವವರೆಗೆ ಕನ್ನಡದ ಮಕ್ಕಳು ಬೇರೆ ಬೇರೆ ಸರಕಾರಗಳ ಮಕ್ಕಳಾಗಿದ್ದರು. ಆದರೆ ತಿಂಗಳಿಗೊಮ್ಮೆ ಮದರಾಸಿನ ವಡಪಳನಿಯಿಂದ ಹೊರಟ ಕಟ್ಟುಗಳಲ್ಲಿ ಮಂಗಳೂರಿನ ಹುಡುಗಿಗೂ, ರಾಯಚೂರಿನ ಹುಡುಗಿಗೂ, ಯರಗಟ್ಟಿಯ ನಮ್ಮ ಅವ್ವನಿಗೂ ಅದೇ ಕಥೆ, ಅದೇ ಚಿತ್ರ, ಅದೇ ಪುಟದಲ್ಲಿ ಬರುತ್ತಿತ್ತು. ದೊಡ್ಡವರು ಸಭೆ ಮಾಡಿ ಒಂದಾಗಲು ಹೆಣಗುತ್ತಿದ್ದಾಗ ಸಣ್ಣವರು ಸದ್ದಿಲ್ಲದೆ ಒಂದೇ ಪುಸ್ತಕದ ಮೇಲೆ ಬೋರಲು ಬಿದ್ದಿದ್ದರು.

ಆ ಕನ್ನಡ ಯಾರ ಮನೆಯ ಕನ್ನಡವೂ ಅಲ್ಲ. ಕಥೆಗಳು ಮೊದಲು ತೆಲುಗಿನಲ್ಲಿ ಸಿದ್ಧವಾಗಿ ಆಮೇಲೆ ಉಳಿದ ಭಾಷೆಗಳಿಗೆ ಹೋಗುತ್ತಿದ್ದವು. ಹೀಗಾಗಿ ಕನ್ನಡ ಸ್ವಲ್ಪ ಬಿಗಿಯಾಗಿ, ಇಸ್ತ್ರಿ ಹಾಕಿದಂತೆ ಇರುತ್ತಿತ್ತು. ‘ಯಾಕ ಬಂದೀ?’ ಎನ್ನುವ ನಾಡಿನವರಿಗೆ ‘ನೀನು ಬಂದ ಕಾರ್ಯವೇನು?’ ಎಂದು ಕೇಳುವ ರಾಜರು ಸಿಕ್ಕರೆ ಏನಾಗಬೇಕು! ನಮ್ಮ ಮನೆಯಲ್ಲಿ ಅದೊಂದು ಆಟವಾಯಿತು. ಊಟಕ್ಕೆ ಕೂತಾಗ ಯಾರಾದರೂ ಒಬ್ಬರು, ‘ಮಹಾರಾಣಿಯವರೇ, ಇನ್ನೊಂದು ರೊಟ್ಟಿ ದಯಪಾಲಿಸುವಂಥವರಾಗಬೇಕು’ ಎನ್ನುವುದು. ಅವ್ವ ಒಲೆಯ ಮುಂದಿನಿಂದಲೇ, ‘ಅದು ಅಸಾಧ್ಯ, ಹಿಟ್ಟು ಸಮಾಪ್ತಿಯಾಗಿದೆ’ ಎಂದು ಉತ್ತರ ಕೊಡುವುದು. ನಾಲ್ಕನೆಯ ಇಯತ್ತೆ ಕಲಿತವಳ ಬಾಯಲ್ಲಿ ‘ಸಮಾಪ್ತಿ’ ಬಂದದ್ದು ಹೀಗೆ. ನಗುನಗುತ್ತ ಆಡಿದ ಮಾತು ನಾಲಿಗೆಯಲ್ಲಿ ಉಳಿಯಿತು. ಮುಂದೆ ರೇಡಿಯೋದ ವಾರ್ತೆ ಬಂದಾಗ, ಕಾಗದಪತ್ರ ಬಂದಾಗ ಅವಳಿಗೆ ಆ ಭಾಷೆ ಪರಕೀಯ ಎನಿಸಲಿಲ್ಲ.

ಚಂದಮಾಮದಲ್ಲಿ ಎಷ್ಟೋ ಬಗೆಯ ಕಥೆಗಳಿದ್ದರೂ ಮನೆಮನೆಯಲ್ಲಿ ಹೆಸರಾದದ್ದು ಬೇತಾಳ ಕಥೆಗಳ ಮಾಲೆ. ವಿಕ್ರಮ ರಾಜ ಮರದಿಂದ ಹೆಣ ಇಳಿಸಿ ಹೆಗಲ ಮೇಲೆ ಹಾಕಿಕೊಂಡು ಸ್ಮಶಾನದಲ್ಲಿ ನಡೆಯುತ್ತಾನೆ. ಹೆಣದೊಳಗಿನ ಬೇತಾಳ ದಾರಿಯ ಬೇಸರಕ್ಕೆಂದು ಒಂದು ಕಥೆ ಹೇಳಿ ಕೊನೆಗೆ ಪ್ರಶ್ನೆ ಹಾಕುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಒಡೆಯುತ್ತದೆ. ಉತ್ತರ ಹೇಳಿದರೆ ಮೌನ ಮುರಿದಂತಾಗಿ ಬೇತಾಳ ಮತ್ತೆ ಮರಕ್ಕೆ ಹೋಗಿ ಜೋತುಬೀಳುತ್ತಾನೆ. ಈ ಚಿತ್ರವನ್ನು ಬರೆದವರು ಶಂಕರ್ ಎಂದೇ ಹೆಸರಾದ ಕೆ. ಸಿ. ಶಿವಶಂಕರನ್. 1924ರಲ್ಲಿ ಹುಟ್ಟಿದ ಅವರು 2020ರಲ್ಲಿ ತೀರಿಕೊಂಡರು. ಕತ್ತಿ ಹಿರಿದ ರಾಜ, ಹೆಗಲ ಮೇಲಿಂದ ಜೋಲುವ ಬಿಳಿಯ ಹೆಣ, ಸುತ್ತ ತಲೆಬುರುಡೆ. ಆ ಪುಟವನ್ನು ರಾತ್ರಿ ತೆರೆಯಲು ನಮಗೆ ಧೈರ್ಯ ಸಾಲುತ್ತಿರಲಿಲ್ಲ, ತೆರೆಯದೆ ಇರಲು ಮನಸ್ಸೂ ಬರುತ್ತಿರಲಿಲ್ಲ.

ಬೇತಾಳ ಚಂದಮಾಮದಲ್ಲಿ ಹುಟ್ಟಿದವನಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಸಂಸ್ಕೃತದಲ್ಲಿ ಬರೆದ ‘ಕಥಾಸರಿತ್ಸಾಗರ’ದಲ್ಲಿ ಅವನಿದ್ದಾನೆ. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಸೋಮದೇವ ಆ ದೊಡ್ಡ ಗ್ರಂಥವನ್ನು ರಚಿಸಿದ್ದು ಅನಂತ ರಾಜನ ರಾಣಿ ಸೂರ್ಯಮತಿಯ ಮನಸ್ಸಿಗೆ ವಿನೋದವಾಗಲೆಂದು. ಒಬ್ಬ ಹೆಣ್ಣುಮಗಳ ಬೇಸರ ಕಳೆಯಲು ಬರೆದ ಕಥೆಗಳು ಸಾವಿರ ವರ್ಷ ದಾಟಿ ಬಂದು ಯರಗಟ್ಟಿಯ ಪಡಸಾಲೆಯಲ್ಲಿ ಇನ್ನೊಬ್ಬ ಹೆಣ್ಣುಮಗಳ ಬೇಸರ ಕಳೆದವು ಎಂಬುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ. ಸೋಮದೇವನಿಗೆ ಮೂಲವಾದದ್ದು ಗುಣಾಢ್ಯನ ‘ಬೃಹತ್ಕಥೆ’. ಕನ್ನಡದಲ್ಲಿ 1031ರಲ್ಲಿಯೇ ‘ಪಂಚತಂತ್ರ’ ಬರೆದ ದುರ್ಗಸಿಂಹನೂ ತನ್ನ ಕಥೆಗಳ ಬೇರನ್ನು ಅದೇ ಗುಣಾಢ್ಯನವರೆಗೆ ಒಯ್ಯುತ್ತಾನೆ. ಆದ್ದರಿಂದ ಮದರಾಸಿನ ಬಸ್ಸು ಹತ್ತಿ ಬಂದ ಬೇತಾಳ ನಮಗೆ ತೀರ ಹೊಸ ನೆಂಟನೇನೂ ಆಗಿರಲಿಲ್ಲ.

ಹಳೆಯ ಗ್ರಂಥದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದು. ಕೊನೆಯದರಲ್ಲಿ ಬೇತಾಳ ಒಂದು ವಿಚಿತ್ರ ಸಂಬಂಧದ ಒಗಟು ಹಾಕುತ್ತಾನೆ. ಮಗ ತಾಯಿಯನ್ನೂ ತಂದೆ ಅವಳ ಮಗಳನ್ನೂ ಮದುವೆಯಾದರೆ ಅವರ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ನಿಜವಾಗಿಯೂ ಉತ್ತರ ತಿಳಿಯುವುದಿಲ್ಲ. ಸುಮ್ಮನೆ ನಡೆಯುತ್ತಾನೆ. ಮೆಚ್ಚಿದ ಬೇತಾಳ, ಹೆಣ ತರಿಸುತ್ತಿರುವ ಸನ್ಯಾಸಿ ಕಪಟಿ ಎಂದು ಗುಟ್ಟು ಹೇಳಿ ರಾಜನನ್ನು ಉಳಿಸುತ್ತಾನೆ. ಸನ್ಯಾಸಿ ಅಡ್ಡಬೀಳಲು ಹೇಳಿದಾಗ, ‘ಹೇಗೆ ಬೀಳುವುದು, ನೀವೇ ತೋರಿಸಿ’ ಎಂದು ರಾಜ ಕೇಳುತ್ತಾನೆ. ಸನ್ಯಾಸಿ ತೋರಿಸಲು ಬಗ್ಗಿದಾಗ ಅವನ ತಲೆ ಹಾರುತ್ತದೆ. ಚಂದಮಾಮದವರು ಈ ಮುಕ್ತಾಯಕ್ಕೆ ಬರಲೇ ಇಲ್ಲ. ಇಪ್ಪತ್ತೈದು ಮುಗಿದ ಮೇಲೆ ಹೊಸ ಹೊಸ ಕಥೆ ಕಟ್ಟಿ, ಅವಕ್ಕೆ ಹೊಸ ಹೊಸ ಪ್ರಶ್ನೆ ಹಚ್ಚಿ, ದಶಕಗಳ ಕಾಲ ನೂರಾರು ತಿಂಗಳು ರಾಜನನ್ನು ಮರದಿಂದ ಸ್ಮಶಾನಕ್ಕೆ ನಡೆಸಿದರು.

ಆದ್ದರಿಂದ ನಮ್ಮ ಮನೆಯಲ್ಲಿ ಮುಕ್ತಾಯವನ್ನು ಹೆಂಗಸರೇ ಕಟ್ಟಿದರು. ಶ್ಯಾವಿಗೆ ಹೊಸೆಯುವಾಗ, ಹಪ್ಪಳ ಲಟ್ಟಿಸುವಾಗ ಇದೇ ಚರ್ಚೆ. ಸೋದರತ್ತೆಯ ಮುಕ್ತಾಯ ಎಲ್ಲರಿಗಿಂತ ಚೆನ್ನಾಗಿತ್ತು. ‘ದಿನಾ ರಾತ್ರಿ ಸುಡಗಾಡಿಗೆ ಹೋಗಿ ಹೆಣಾ ಹೊತಗೊಂಡ ಬರ್ತಾನಲ್ಲ, ಮನ್ಯಾಗ ಹೇಂತಿ ಇಲ್ಲೇನ ಇವಗ? ಒಂದ ದಿನಾ ರಾಣಿ ಒಳಗಿಂದ ಬಾಗಲಾ ಹಾಕ್ಕೊಂಡ್ಲು. ಮುಂದ ಅವನೂ ಹೋಗಿ ಬೇತಾಳನ ಬಾಜೂಕ ಜೋತಬಿದ್ದಾ. ಕತಿ ಮುಗೀತು.’ ಅವಳು ಹೀಗೆ ಹೇಳಿದಾಗಲೆಲ್ಲ ನಕ್ಕು ನಕ್ಕು ಹಪ್ಪಳ ಸೊಟ್ಟಗಾಗುತ್ತಿದ್ದವು.

ಹೆಂಗಸರಿಗೆ ಈ ಬೇತಾಳ ಅಷ್ಟು ಹಿಡಿಸಿದ್ದು ಯಾಕೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮಾತಾಡಿದರೆ ಒಂದು ಕಷ್ಟ, ಮಾತಾಡದಿದ್ದರೆ ಇನ್ನೊಂದು ಕಷ್ಟ ಎಂಬ ಸ್ಥಿತಿ ರಾಜನಿಗೆ ಕಥೆಯಲ್ಲಿ ಬಂದದ್ದು. ಕೂಡು ಕುಟುಂಬದ ಸೊಸೆಗೆ ಅದು ದಿನಾ ಬೆಳಗಾದರೆ ಇದ್ದದ್ದೇ. ‘ಯಾಕ ತಡಾ ಆತು?’ ಎಂದು ಅತ್ತೆ ಕೇಳುತ್ತಾಳೆ. ಕಾರಣ ಹೇಳಿದರೆ ಎದುರುತ್ತರ, ಹೇಳದಿದ್ದರೆ ಸೊಕ್ಕು. ಹೀಗಾಗಿ ನಮ್ಮ ಓಣಿಯ ಸೊಸೆಯರಲ್ಲಿ ‘ಬೇತಾಳ’ ಎಂಬುದು ಗುಟ್ಟಿನ ಮಾತಾಯಿತು. ಬಾವಿಕಟ್ಟೆಯಲ್ಲಿ ಒಬ್ಬಳು, ‘ನಿಮ್ಮ ಬೇತಾಳ ಊರಾಗ ಐತೇನು?’ ಎಂದು ಕೇಳಿದರೆ, ಇನ್ನೊಬ್ಬಳು, ‘ಇಲ್ಲವಾ, ಮಗಳ ಗಿಡಕ್ಕ ಹೋಗೇತಿ’ ಎನ್ನುತ್ತಿದ್ದಳು. ಅತ್ತೆ ಮಗಳ ಮನೆಗೆ ಹೋಗಿದ್ದಾಳೆ ಎಂದು ಅರ್ಥ! ಅತ್ತೆಯರಿಗೆ ಇದು ತಿಳಿಯದೆ ಇದ್ದೀತೇ? ಮುದುಕಿಯೊಬ್ಬಳು ತನ್ನ ಸೊಸೆಗೆ, ‘ನಾನೂ ಒಂದ ಕಾಲಕ್ಕ ಹೊತ್ತಾಕೀನ ಬಾ’ ಎಂದಿದ್ದಳಂತೆ.

ಪುಸ್ತಕದ ಮೇಲಿನ ಪ್ರೀತಿ ಕುರುಡು ಪ್ರೀತಿಯಾಗಿರಲಿಲ್ಲ. ಕಥೆಯಲ್ಲಿ ರಾಕ್ಷಸನನ್ನು ಕೊಂದವನಿಗೆ ರಾಜ ಅರ್ಧ ರಾಜ್ಯವನ್ನೂ ಮಗಳನ್ನೂ ಕೊಡುವುದು ವಾಡಿಕೆ. ಮಗಳನ್ನು ಕೇಳುವ ವಾಡಿಕೆ ಮಾತ್ರ ಇಲ್ಲ. ‘ಅರ್ಧಾ ರಾಜ್ಯಾ ಅಳಿಯಗ ಕೊಡೂ ಬದ್ಲಿ ಮಗಳ ಹೆಸರ್ಲೆ ಮಾಡಿದ್ರ ಏನಾಗ್ತಿತ್ತು?’ ಎಂದು ಅವ್ವ ಕೇಳುತ್ತಿದ್ದಳು. ಹುಡುಗಿಯರಾದ ನಾವು ಆಟವಾಡುವಾಗ ರಾಜಕುಮಾರಿಯ ಪಾತ್ರ ಯಾರಿಗೂ ಬೇಡ. ಎಲ್ಲರಿಗೂ ಬೇತಾಳನೇ ಆಗಬೇಕು. ಹೆಗಲ ಮೇಲೆ ಕೂರಬಹುದು, ಪ್ರಶ್ನೆ ಕೇಳಬಹುದು, ಮನಸ್ಸು ಬಂದಾಗ ಹಾರಿಹೋಗಬಹುದು.

ಇನ್ನು ಪುಸ್ತಕವನ್ನು ಕಾಪಾಡಿದ ಬಗೆ. ವರ್ಷದ ಹನ್ನೆರಡು ಸಂಚಿಕೆಗಳನ್ನು ಒಟ್ಟಿಗೆ ಇಟ್ಟು ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದು, ಹಿಟ್ಟಿನ ಅಂಟು ಹಚ್ಚಿ, ಹಳೆಯ ಕುಪ್ಪಸದ ಖಣ ಅಂಟಿಸಿ ರಟ್ಟು ಹಾಕುತ್ತಿದ್ದರು. ಇಳಕಲ್ಲ ಸೀರೆಯ ಸೆರಗಿನ ಚೂರು ಕಂಡರೆ ಅದು ಯಾವ ವರ್ಷದ ಸಂಪುಟ ಎಂದು ಗೊತ್ತಾಗುತ್ತಿತ್ತು. ಮುಖಪುಟಗಳನ್ನು ಮಾತ್ರ ಕೆಲವರು ಬಿಡಿಸಿ ಚೌಕಟ್ಟು ಹಾಕಿಸಿದ್ದರು. ಮಹಾಭಾರತದ ದೃಶ್ಯಗಳನ್ನು ಬಣ್ಣದಲ್ಲಿ ಬರೆದ ಆ ಮುಖಪುಟಗಳಿಂದ ಹೆಸರಾದವರು ನಮ್ಮವರೇ ಆದ ಎಂ. ಟಿ. ವಿ. ಆಚಾರ್ಯ. ಅವರು ಬರೆದ ಭೀಷ್ಮನನ್ನು, ದ್ರೌಪದಿಯನ್ನು ನೋಡಿ ಬೆಳೆದವರಿಗೆ ಭೀಷ್ಮ, ದ್ರೌಪದಿ ಎಂದರೆ ಇವತ್ತಿಗೂ ಅವೇ ಮುಖಗಳು. ಆದರೆ ಬೇತಾಳ ಕಥೆಗಳನ್ನು, ಧಾರಾವಾಹಿಗಳನ್ನು ಬರೆದವರ ಹೆಸರು ಪುಸ್ತಕದಲ್ಲಿ ಇರುತ್ತಿರಲಿಲ್ಲ. ರೋಮಾಂಚಕ ಧಾರಾವಾಹಿಗಳನ್ನೆಲ್ಲ ಬರೆದವರು ದಾಸರಿ ಸುಬ್ರಹ್ಮಣ್ಯಂ ಎಂಬುದು ಓದುಗರಿಗೆ ತಿಳಿಯಲು ದಶಕಗಳೇ ಬೇಕಾದವು. ಹೆಸರಿಲ್ಲದ ಲೇಖಕರನ್ನು ಹೆಸರಿಲ್ಲದ ಓದುಗರು ಪ್ರೀತಿಸಿದರು.

ಓದುಗರ ಹೆಸರು ಅಚ್ಚಾಗಲು ಚಂದಮಾಮದಲ್ಲಿ ಒಂದು ದಾರಿ ಇತ್ತು. ಕೊನೆಯ ಪುಟಗಳಲ್ಲಿ ಎರಡು ಫೋಟೋ ಹಾಕಿ, ಎರಡಕ್ಕೂ ಹೊಂದುವಂಥ ಜೋಡಿ ಶೀರ್ಷಿಕೆ ಬರೆದು ಕಾರ್ಡಿನಲ್ಲಿ ಕಳಿಸಿರಿ ಎಂದು ಕೇಳುತ್ತಿದ್ದರು. ಗೆದ್ದವರ ಹೆಸರು, ಊರು ಅಚ್ಚಾಗುತ್ತಿತ್ತು. ಸೋದರತ್ತೆಗೆ ಇದು ಹುಚ್ಚೇ ಹಿಡಿಯಿತು. ಹಿಟ್ಟು ನಾದುತ್ತ ಪ್ರಾಸ ಹುಡುಕುವಳು. ಮೊದಮೊದಲು ತಮ್ಮನ ಹೆಸರಿನಲ್ಲಿ ಕಳಿಸಿದಳು. ಹೆಣ್ಣುಮಗಳ ಹೆಸರು ಮದರಾಸಿನವರ ಕೈಗೆ ಹೋಗುವುದೆಂದರೇನು ಎಂಬ ಸಂಕೋಚ. ಒಂದು ದಿನ ಏನು ಮನಸ್ಸಾಯಿತೋ, ತನ್ನದೇ ಹೆಸರು ಬರೆದು, ಅದರ ಕೆಳಗೆ ‘ಯರಗಟ್ಟಿ, ತಾಲೂಕು ಸವದತ್ತಿ, ಜಿಲ್ಲೆ ಬೆಳಗಾವಿ’ ಎಂದು ದುಂಡಗೆ ಬರೆದಳು. ಹಾಗೆ ಎಷ್ಟೋ ಕಾರ್ಡು ಹೋದವು. ಬಹುಮಾನ ಒಂದೂ ಬರಲಿಲ್ಲ. ಹೊಸ ಸಂಚಿಕೆ ಬಂದ ಕೂಡಲೇ ಎಲ್ಲರೂ ಆ ಪುಟ ತೆರೆದು, ಗೆದ್ದ ಶೀರ್ಷಿಕೆ ಓದಿ, ‘ಇದಕ್ಕಿಂತ ನಮ್ಮಾಕೀದ ಚಲೋ ಇತ್ತು’ ಎಂದು ತೀರ್ಪು ಕೊಡುತ್ತಿದ್ದರು.

ಆ ದುಂಡಕ್ಷರ ಬೇರೊಂದು ಕಡೆ ಕೆಲಸಕ್ಕೆ ಬಂತು. ನಮ್ಮ ಅಜ್ಜ ತೀರಿಕೊಂಡ ಮೇಲೆ ಹೊಲದ ಕಾಗದಗಳಿಗೆ ಮನೆಯ ಹೆಣ್ಣುಮಕ್ಕಳ ರುಜು ಬೇಕಾಯಿತು. ಒಂದು ಕಚೇರಿಯಲ್ಲಿ ಗುಮಾಸ್ತ, ಸೀರೆಯ ಸೆರಗು ಹೊದ್ದು ನಿಂತ ಸೋದರತ್ತೆಯನ್ನು ನೋಡಿ, ಏನೂ ಕೇಳದೆ ಹೆಬ್ಬೆಟ್ಟಿನ ಶಾಯಿಡಬ್ಬಿ ಮುಂದೆ ಸರಿಸಿದ. ಅವಳು ಡಬ್ಬಿಯನ್ನು ಹಿಂದೆ ಸರಿಸಿ ಕಾಗದ ಕೇಳಿದಳು. ಮೊದಲಿನಿಂದ ಕೊನೆಯವರೆಗೆ ಓದಿದಳು. ನಡುವೆ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಹಕ್ಕು ಬಿಟ್ಟುಕೊಟ್ಟಿರುತ್ತೇನೆ ಅಂತ ಐತಲ್ಲ, ಇದನ್ನ ಯಾರ ಹೇಳಿದ್ರು ನಿಮಗ?’ ಎಂದು ಕೇಳಿದಳು. ಬಂದ ಗಂಡಸರೆಲ್ಲ ಗೋಡೆ ನೋಡತೊಡಗಿದರು. ಆ ದಿನ ರುಜು ಆಗಲಿಲ್ಲ. ಕಾಗದ ಬದಲಾಗಿ ಬಂದ ಮೇಲೆ ಆಯಿತು. ಅವಳ ಪಾಲಿಗೆ ಎರಡು ಎಕರೆ ಉಳಿಯಿತು. ಅದರಲ್ಲಿ ಬೆಳೆದ ಜೋಳದಿಂದ ಅವಳ ಇಬ್ಬರು ಹೆಣ್ಣುಮಕ್ಕಳು ಕಾಲೇಜು ಕಂಡರು. ಮನೆಗೆ ಬಂದು ಅವಳು ಹೇಳಿದ್ದಿಷ್ಟೇ: ‘ಬಾಯಿ ಮುಚ್ಚಿದ್ರ ತಲಿ ಒಡೀತಿತ್ತು, ತಗದೆ. ಬೇತಾಳ ಹಾರಿದ್ರ ಹಾರ್ಲಿ.’

ಚಂದಮಾಮ ಒಂದೇ ಅಲ್ಲ. ಆಮೇಲೆ ಬೇರೆ ಮಾಲೆಗಳೂ ಬಂದವು. ಅಮರ ಚಿತ್ರಕಥೆ ಎಂದರೆ ಎಲ್ಲರೂ 1967ರಲ್ಲಿ ಅನಂತ ಪೈ ಅವರು ಮುಂಬಯಿಯಲ್ಲಿ ಆರಂಭಿಸಿದ್ದನ್ನು ಹೇಳುತ್ತಾರೆ. ಕಾರ್ಕಳದಲ್ಲಿ ಹುಟ್ಟಿದ ಪೈ ಅವರ ಶ್ರಮ ದೊಡ್ಡದು. ಆದರೆ ಆ ಹೆಸರಿನ ಮೊದಲ ಹತ್ತು ಪುಸ್ತಕಗಳು ಅದಕ್ಕೂ ಮುಂಚೆ, 1965ರಲ್ಲಿ, ಕನ್ನಡದಲ್ಲಿಯೇ ಬಂದಿದ್ದವು. ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಸಿಂಡರೆಲ್ಲಾ ಮುಂತಾದ ಪಶ್ಚಿಮದ ಕಥೆಗಳು ಕನ್ನಡ ಮಾತಾಡಿದವು. ಅದಕ್ಕೇ ಇಂಗ್ಲಿಷಿನ ಮಾಲೆ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ನಿಂದ ಶುರುವಾಗುತ್ತದೆ. 1970ರ ದಶಕದಲ್ಲಿ ‘ಭಾರತ-ಭಾರತಿ’ಯ ಪುಟ್ಟ ಪುಸ್ತಕಗಳು ಬಂದವು. ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಸ್ತಕಗಳು! ಅಂಗೈಯಗಲದ ಆ ಪುಸ್ತಕಗಳನ್ನು ಹುಡುಗರು ಗೋಲಿಯಂತೆ ಅದಲುಬದಲು ಮಾಡುತ್ತಿದ್ದರು. ಶಾಲೆಯ ಬಹುಮಾನವೆಂದರೂ ಅವೇ. ಅವುಗಳಿಂದ ನಾವು ತಿಳಿದುಕೊಂಡದ್ದು ಬಹಳ. ಆದರೂ ಬೇತಾಳನನ್ನು ಗೇಲಿ ಮಾಡಿದಂತೆ ಆ ಮಹಾಪುರುಷರನ್ನು ಗೇಲಿ ಮಾಡಲು ನಮಗೆ ಬಾಯಿ ಬರಲಿಲ್ಲ. ಸಲಿಗೆ ಸಿಕ್ಕ ಪುಸ್ತಕ ಬೇರೆ, ಗೌರವ ಸಿಕ್ಕ ಪುಸ್ತಕ ಬೇರೆ.

1985ರಲ್ಲಿ ರಾಮಾನಂದ ಸಾಗರರ ‘ವಿಕ್ರಮ್ ಔರ್ ಬೇತಾಳ್’ ದೂರದರ್ಶನದಲ್ಲಿ ಬಂತು. ಟೀವಿ ಇದ್ದ ಮನೆಯಲ್ಲಿ ಓಣಿಯೇ ಕೂಡುತ್ತಿತ್ತು. ಸೋದರತ್ತೆ ಎರಡು ವಾರ ನೋಡಿ, ‘ಇದು ಹಿಂದಿ ಬೇತಾಳ, ನಮ್ಮದಲ್ಲ’ ಎಂದು ಎದ್ದು ಬಂದಳು. ಟೀವಿಯ ಗದ್ದಲದಲ್ಲಿ ಚಂದಮಾಮ ಸಣ್ಣಗಾಗುತ್ತ ಹೋಯಿತು. 1998ರಲ್ಲಿ ಒಮ್ಮೆ ನಿಂತು 1999ರ ಕೊನೆಗೆ ಮತ್ತೆ ಬಂತು. 2007ರಲ್ಲಿ ಮುಂಬಯಿಯ ಜಿಯೋಡೆಸಿಕ್ ಎಂಬ ಕಂಪನಿಯ ಕೈಗೆ ಹೋಯಿತು. 2013ರ ಹೊತ್ತಿಗೆ ನಿಂತೇಹೋಯಿತು. ಬೇತಾಳ ಮರದಲ್ಲಿಯೇ ಉಳಿದ.

ಪುಸ್ತಕಗಳ ಚರಿತ್ರೆ ಬರೆಯುವವರು ಅಚ್ಚಾದ ಪ್ರತಿಗಳನ್ನು ಎಣಿಸುತ್ತಾರೆ, ಬಹುಮಾನಗಳನ್ನು ಎಣಿಸುತ್ತಾರೆ. ಅದೂ ಬೇಕು. ಆದರೆ ಒಂದು ಪ್ರತಿಯನ್ನು ಎಷ್ಟು ಹೆಂಗಸರು ಓದಿದರು, ಓದಿ ಅದರಿಂದ ಎಂಥ ಚೇಷ್ಟೆ ಮಾಡಿದರು, ಆ ಚೇಷ್ಟೆಯಿಂದ ಅವರಿಗೆ ಏನು ದಕ್ಕಿತು ಎಂಬುದು ಲೆಕ್ಕಕ್ಕೆ ಬಂದಿಲ್ಲ. ಪಾಠವೆಂದು ಕೊಟ್ಟಿದ್ದರೆ ನಮ್ಮ ಸೋದರತ್ತೆ ಬಹುಶಃ ಅಕ್ಷರ ಮರೆತುಬಿಡುತ್ತಿದ್ದಳು. ಆಟವೆಂದು ಹಿಡಿದುಕೊಂಡಳು, ಆದ್ದರಿಂದ ಬಿಡಲಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೂ ಸೀರೆಯ ಚೂರಿನ ರಟ್ಟು ಹಾಕಿದ ಇಂಥ ಸಂಪುಟ ಇದ್ದೀತು. ರದ್ದಿಯವನಿಗೆ ಹಾಕುವ ಮೊದಲು ಒಮ್ಮೆ ಕೆಳಗಿಳಿಸಿ ನೋಡಿರಿ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಯಾರೋ ಬರೆದ ಪ್ರಾಸ, ರಾಜನಿಗೆ ಯಾರೋ ಬಿಡಿಸಿದ ಮೀಸೆ, ರಾಣಿಗೆ ಯಾರೋ ಇಟ್ಟ ಮೂಗುತಿ ಸಿಕ್ಕಬಹುದು. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯಳಿದ್ದರೆ ಅದು ಯಾರ ಕೈಬರಹ ಎಂದು ಕೇಳಿರಿ. ಬೇತಾಳನ ಪ್ರಶ್ನೆಗೆ ಉತ್ತರ ಕೊಟ್ಟಷ್ಟೇ ತಕ್ಷಣ ಅವಳು ಉತ್ತರ ಕೊಡುತ್ತಾಳೆ. ಆಮೇಲೆ ಆ ದಿನದ ಅಡಿಗೆ ತಡವಾಗುತ್ತದೆ, ಅಷ್ಟೇ.